ಮಾವನ ಕಂಪ್ಯೂಟರಿಗೆ ಮಳೆ ಆಗಿಬರುವುದಿಲ್ಲ

ನಮ್ಮ ಸೋದರಮಾವನಿಗೆ ದೇವರಿಗಿಂತ ಕಂಪ್ಯೂಟರಿನ ಮೇಲೆ ಭಕ್ತಿ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ದೇವರ ಕೋಣೆ ಸೋರಿದರೆ ಒಂದು ಬೋಗುಣಿ ಇಟ್ಟು ಸುಮ್ಮನಾಗುತ್ತಿದ್ದ. ಕಂಪ್ಯೂಟರಿಗೆ ಮಾತ್ರ ಮೋಡ ಕಂಡರೂ ಹೊದಿಕೆ!

ಪುಣೆಯ ಸರಕಾರಿ ಕಚೇರಿಯೊಂದರ ಪ್ರವಾಹ ನಿಯಂತ್ರಣ ಕೊಠಡಿಯಲ್ಲಿ ಅವನು ಗುಮಾಸ್ತ. ತೊಂಬತ್ತರ ದಶಕದಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟರು, ನದಿ ದಂಡೆಯ ಯಾವ ಓಣಿಗೆ ತಿಳಿಸಬೇಕು, ಎಲ್ಲವೂ ಅದರೊಳಗೆ. ಮಾವ ಅದಕ್ಕೆ ಕುಂಕುಮ ಹಚ್ಚಿದ, ಕಾಯಿ ಒಡೆದ, ಮೊದಲ ಗುಡುಗಿಗೇ ಬಂದ್ ಮಾಡಿ, ಪ್ಲಾಸ್ಟಿಕ್ ಹೊದಿಸಿ, ಸುತಳಿ ಬಿಗಿದ. ಇದನ್ನು ತಂದದ್ದೇ ಮಳೆಗಾಲಕ್ಕಪ್ಪಾ ಎಂದು ಸಾಹೇಬರು ಮರಾಠಿಯಲ್ಲಿ ತಲೆ ಚಚ್ಚಿಕೊಂಡರು. ಅದಕ್ಕೆ ಮಳೆ ಆಗಿಬರುವುದಿಲ್ಲ ಎಂದು ಮಾವನ ಉತ್ತರ.

ಆ ಪ್ಲಾಸ್ಟಿಕ್ ಪುಣೆಯಲ್ಲೇ ಇರುವ ನನ್ನ ಅಂಗಡಿಯದು. ಮಾವ ಜೂನ್‌ನಲ್ಲಿ ಬಂದು ಚೌಕಾಸಿಗೆ ನಿಂತಿದ್ದ. ನಿಮಗೂ ಹೇಳಿರುತ್ತೇನೆ, ತಾಡಪತ್ರಿಯನ್ನು, ಅಂದರೆ ಈ ಹೊದಿಕೆಯ ಪ್ಲಾಸ್ಟಿಕ್ಕನ್ನು, ಬೇಸಿಗೆಯಲ್ಲೇ ಕೊಳ್ಳಿ. ಮೋಡ ಕಂಡ ಮೇಲೆ ಸೋದರಮಾವನಿಗೂ ರೇಟು ಇಳಿಯುವುದಿಲ್ಲ!

ಇಂಥವನು ಮಗಳ ಮದುವೆಗೆ ವಿಳಾಸಗಳನ್ನೆಲ್ಲ ಕಂಪ್ಯೂಟರಿನಲ್ಲೇ ಅಚ್ಚು ಹಾಕಿಸಿ, ಲಗ್ನಪತ್ರಿಕೆಗಳನ್ನು ಅಂಚೆಗೆ ಹಾಕಿಬಿಟ್ಟ. ಸ್ವಂತ ಅಕ್ಕನಿಗೂ, ಅಂದರೆ ನಮ್ಮ ಅವ್ವನಿಗೂ! ಮನೆಗೆ ಬಂದು ಕುಂಕುಮ ಹಚ್ಚಿ ಬಾಯಿತುಂಬ ಕರೆಯದಿದ್ದರೆ ಅದು ಕರೆಯೇ? "ಮಷಿನ್ ಕರದದ, ಮಷಿನ್ನs ಹೋಗ್ಲಿ" ಎಂದ ಅವ್ವ ಮದುವೆಗೆ ಹೋಗಲಿಲ್ಲ. ಅಲ್ಲಿಗೆ ಅಕ್ಕ-ತಮ್ಮನ ಮಾತೂ ನಿಂತಿತು.

ಮುಂದೆ ಮೊಬೈಲ್ ಕಾಲ. ಕಚೇರಿಯ ಕಂಪ್ಯೂಟರ್ ಬದಲಾಯಿತು, ಹೊದಿಕೆ ಬದಲಾಗಲಿಲ್ಲ. ಈಗ ಗುಂಡಿ ಒತ್ತಿದರೆ ದಂಡೆಯ ಮನೆಗಳಿಗೆಲ್ಲ ಎಚ್ಚರಿಕೆಯ ಮೆಸೇಜು. ಒಂದು ಶ್ರಾವಣದಲ್ಲಿ ದಂಡೆಯಲ್ಲೇ ಇದ್ದ ನಮ್ಮ ಮನೆಗೂ ಬಂತು. ಬಂದದ್ದು ಮಾತ್ರ ಅಪ್ಪನೊಂದಿಗೆ ಎರಡು ತಾಸು ದೂರದ ಶಿರೂರಿಗೆ ಹೋಗಿದ್ದ ನನ್ನ ಜೇಬಿಗೆ! ಮನೆಯಲ್ಲಿ ಅವ್ವ ಒಬ್ಬಳೇ. ನೀರು ಮೆಟ್ಟಿಲಿಗೆ ಬಂದಿತ್ತು. ತಮ್ಮನ ಮನೆ ಎತ್ತರದಲ್ಲಿದೆಯಲ್ಲ, ಅಲ್ಲಿಗೆ ಹೋಗಿ ಎಂದು ನೆರೆಯವರು ಗೋಗರೆದರಂತೆ. ಕರೆಯದ ಮನೆಗೆ ಹೋಗುವವಳಲ್ಲ ಎಂದು ಅವ್ವ ಮಂಚವೇರಿ ಕೂತಳಂತೆ. ನಾನೂ ಅಪ್ಪನೂ ಸಿಕ್ಕ ಬಸ್ಸು ಹತ್ತಿ ವಾಪಸು ಹೊರಟೆವು.

ಪಾಳಿ ಮುಗಿಯುತ್ತಲೇ ಮಾವ ಮೊಳಕಾಲು ನೀರಿನಲ್ಲಿ ಬಂದನಂತೆ. ಜೇಬಿನಿಂದ ಕುಂಕುಮದ ಭರಣಿ ತೆಗೆದು ಅವ್ವನ ಹಣೆಗೆ ಹಚ್ಚಿದ.

"ಅಕ್ಕಾ, ಕರೀಲಿಕ್ಕೆ ಬಂದೀನಿ. ಮನಿಗೆ ನಡಿ."

ನೆರೆಯವರಿಂದ ತಿಳಿದು ನಾವು ಮಾವನ ಮನೆ ಮುಟ್ಟಿದಾಗ ಅವ್ವ ಚಹಾ ಕುಡಿಯುತ್ತ, ಮದುವೆಯ ಅಡುಗೆಯಲ್ಲಿ ಏನೇನಿತ್ತೆಂದು ವಿಚಾರಿಸುತ್ತಿದ್ದಳು. ಬಾಗಿಲ ಗೂಟಕ್ಕೆ ನನ್ನ ಅಂಗಡಿಯ ಪ್ಲಾಸ್ಟಿಕ್ ನೀರು ಸುರಿಸುತ್ತ ನೇತಾಡುತ್ತಿತ್ತು, ಸುತಳಿಯ ಸಮೇತ. ಅದರಲ್ಲೇ ಅಕ್ಕನನ್ನು ಸುತ್ತಿ ತಂದಿದ್ದ. ಹೊರಗೆ ಗುಡುಗು.

"ಮತ್ತ ಕಂಪ್ಯೂಟರು, ಮಾಮಾ?" ಎಂದೆ.

"ಚಾಲೂ ಇಟ್ಟು ಬಂದೀನೋ. ಊರಿಗೆಲ್ಲಾ ಅದು ಹೇಳ್ತದ. ಅಕ್ಕಗ ನಾನs ಹೇಳ್ಬೇಕಲ್ಲ."