ಒಂದು ಗಡಿಗೆ ಮೊಸರು, ಎರಡು ಸಾಲು ಗೆರೆ

ಕಲಿತದ್ದನ್ನು ಮುಚ್ಚಿಟ್ಟುಕೊಳ್ಳುವ ಗುಣ ನನ್ನಲ್ಲಿ ಇಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಮುಂಡರಗಿ ಕಡೆಯ ನಮ್ಮ ಹಳ್ಳಿಯ ಮನೆಯ ಬಾಗಿಲ ಮೇಲೆ ‘ಬಿ.ಎ., ಬಿ.ಎಡ್.’ ಎಂದು ಸುಣ್ಣದಲ್ಲಿ ನಾನೇ ಬರೆದುಕೊಂಡಾಗ, “ಎಮ್ಮಿ ಕಟ್ಟೋ ಗೂಟಕ್ಕೂ ಬರದುಬಿಡಲೇ, ಅದಕ್ಕೂ ಗೊತ್ತಾಗಲಿ” ಎಂದಿದ್ದ ಅಪ್ಪ. ಎಪ್ಪತ್ತರ ದಶಕದಲ್ಲಿ ಲಕ್ಷ್ಮೇಶ್ವರದ ಆಚೆಯ ಒಂದು ಸರಕಾರಿ ಹೈಸ್ಕೂಲಿಗೆ ಮಾಸ್ತರನಾಗಿ ಹೋದೆ. ಹೋಗುವಾಗ ತಲೆಯ ತುಂಬ ಬಿ.ಎಡ್.ನ ಮನಶ್ಶಾಸ್ತ್ರವೇ. ಮಕ್ಕಳ ನಡತೆಯನ್ನು ದಿನವೂ ಎಣಿಸಿ ಬರೆಯಬೇಕು, ಒಳ್ಳೆಯದಕ್ಕೆ ಬಹುಮಾನ ಕೊಡಬೇಕು, ಅಷ್ಟಾದರೆ ನಡತೆ ತಾನೇ ತಿದ್ದಿಕೊಳ್ಳುತ್ತದೆ. ತಿದ್ದಲು ಒಂದು ಮಗು ಬೇಕಾಗಿತ್ತು.

ಎಂಟನೆಯ ಇಯತ್ತೆಯ ಗಿರಿಜಾ ಸಿಕ್ಕಳು. ನಾನು ವಾಕ್ಯ ಮುಗಿಸುವ ಮೊದಲೇ ಅವಳ ಬಾಯಿ ತೆರೆಯುತ್ತಿತ್ತು. “ಸರ್, ನಿನ್ನೆ ಬ್ಯಾರೆ ಹೇಳಿದ್ರಿ.” “ಸರ್, ಆ ಲೆಕ್ಕ ತಪ್ಪೈತ್ರಿ.” ಪ್ರತಿ ಸಲಕ್ಕೂ ನೋಟಬುಕ್ಕಿನಲ್ಲಿ ಒಂದು ಗೆರೆ ಎಳೆದೆ. ಎಣಿಸಲೇ ಎಂದು ಅವಳನ್ನಾಗಲಿ ಮನೆಯವರನ್ನಾಗಲಿ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ವಾರದ ಕೊನೆಗೆ ನೋಟಬುಕ್ಕನ್ನು ಬಗಲಲ್ಲಿಟ್ಟುಕೊಂಡು ಅವರ ಮನೆಗೇ ಹೋಗಿ, “ನಿಮ್ಮ ಮಗಳು ದಿನಕ್ಕ ಹತ್ತು ಸಲ ನಡುವ ಬಾಯಿ ಹಾಕ್ತಾಳ” ಎಂದು ಡಾಕ್ಟರನ ಗತ್ತಿನಲ್ಲಿ ಸಾರಿದೆ.

ಅವಳ ಅಪ್ಪ ಫಕ್ಕೀರಪ್ಪ ಅದಕ್ಕೇ ಕಾಯುತ್ತಿದ್ದನೆಂದು ನನಗೇನು ಗೊತ್ತು! “ಇನ್ನೊಮ್ಮಿ ಈ ಮಾತು ಕೇಳಿದ್ನೆಂದ್ರ ಸಾಲಿ ಬಿಡಸೂದ ಖರೆ. ಹೆಣ್ಣಿಗೆ ಇಷ್ಟ ಕಲತದ್ದು ಸಾಕು” ಎಂದ. ಗಿರಿಜಾ ಆ ದಿನ ಮೊದಲ ಬಾರಿಗೆ ಬಾಯಿ ತೆರೆಯಲಿಲ್ಲ. ಅವಳ ಅಜ್ಜಿ ನಾಗವ್ವ ನನ್ನನ್ನು ಮೇಲಿಂದ ಕೆಳಗಿನ ತನಕ ಒಮ್ಮೆ ನೋಡಿದಳು, ಅಷ್ಟೇ.

ಮರುದಿನದಿಂದ ನನ್ನ ಬಾಡಿಗೆ ಖೋಲಿಗೆ ನಾಗವ್ವನ ಕಡೆಯಿಂದ ಒಂದು ಸಣ್ಣ ಗಡಿಗೆ ಎಮ್ಮೆ ಮೊಸರು ಬರತೊಡಗಿತು. ಖಾನಾವಳಿಯ ನೀರು ಮಜ್ಜಿಗೆ ಕುಡಿದು ಸೊರಗಿದ ಬ್ರಹ್ಮಚಾರಿ ನಾನು. ಬೋರಲು ಹಾಕಿದರೂ ಬೀಳದಂಥ ಮೊಸರು ಅದು. ಅದೇ ವಾರದಿಂದ ಗಿರಿಜಾಳ ಗೆರೆಗಳೂ ಇಳಿದವು: ಏಳು, ನಾಲ್ಕು, ಎರಡು. ನಾನು ಆಗಾಗ “ಭಲೇ” ಎನ್ನುತ್ತಿದ್ದೆನಲ್ಲ, ಅದರ ಫಲವೆಂದು ಹಿಗ್ಗಿ ಫಕ್ಕೀರಪ್ಪನಿಗೆ ವರದಿ ಒಪ್ಪಿಸಿದೆ.

ಅಷ್ಟರಲ್ಲಿ ನಾಗವ್ವ ಶಿರಹಟ್ಟಿಯ ಮಗಳ ಮನೆಗೆ ಎಂಟು ದಿನ ಹೋದಳು. ಮೊಸರು ನಿಂತಿತು. ಗೆರೆಗಳು ಹನ್ನೊಂದಕ್ಕೆ ಏರಿದವು. ನೋಟಬುಕ್ಕು ಹಿಡಿದು ಮತ್ತೆ ಫಕ್ಕೀರಪ್ಪನನ್ನು ಹುಡುಕಿಕೊಂಡು ಹೊರಟೆ. ಬಾಗಿಲಲ್ಲೇ ಸಿಕ್ಕವಳು ಅಂದೇ ಊರಿಂದ ಬಂದಿದ್ದ ನಾಗವ್ವ.

“ಒಳಗ ಬರ್ರಿ ಮಾಸ್ತರ, ನಮ್ಮದೂ ಒಂದ್ ಲೆಕ್ಕ ಐತಿ” ಎಂದು ಅಡುಗೆಮನೆಯ ಗೋಡೆ ತೋರಿಸಿದಳು. ಇದ್ದಿಲಿನ ಗೆರೆಗಳು. “ನೀವು ಸಾಲ್ಯಾಗ ಸಿಟ್ಟಿಲೆ ಎಷ್ಟ ಸಲ ಒದರಿದ್ರಿ ಅನ್ನೂದನ್ನ ಗಿರಿಜಾ ದಿನಾ ಬಂದು ಇಲ್ಲಿ ಗೀರತಾಳ. ಮಸರು ಕೊಟ್ಟ ದಿನ ಒಂದು, ಎರಡು. ನಾ ಊರಿಗೆ ಹೋದ ಮ್ಯಾಲೆ ನೋಡ್ರಿ, ಗ್ವಾಡಿನ ಸಾಲಲಿಲ್ಲ!”

“ಅಕಿ ಮಾತು?” ಎಂದೆ, ನನ್ನ ನೋಟಬುಕ್ಕು ತೆರೆಯುತ್ತ.

“ಅಕಿ ಮಾತು ಮೊದಲ ಎಷ್ಟಿತ್ತೋ ಈಗೂ ಅಷ್ಟ ಐತ್ರಿ. ಮಸರುಂಡು ಹೊಟ್ಟಿ ತಂಪಿದ್ದಾಗ ಅದು ನಿಮ್ಮ ಕಿವಿಗೆ ಬೀಳತಿದ್ದಿಲ್ಲ.”

ನನ್ನ ಗೆರೆಗಳನ್ನೂ ಗೋಡೆಯ ಗೆರೆಗಳನ್ನೂ ಜೋಡಿಸಿ ನೋಡಿದೆ. ಇಡೀ ತಿಂಗಳು ತಿದ್ದಿಸಿಕೊಂಡವನು ನಾನು. ಬಹುಮಾನ ಉಂಡವನೂ ನಾನೇ. ಹೊಲದಿಂದ ಬಂದ ಫಕ್ಕೀರಪ್ಪನಿಗೆ, “ಎಣಿಸಿದ್ದು ನಂದ ತಪ್ಪು. ನಿಮ್ಮ ಮಗಳು ಕೇಳೂದು ಖರೇನ ಇರತೈತಿ. ಸಾಲಿ ಬಿಡಿಸಬ್ಯಾಡ್ರಿ” ಎಂದೆ. ಬಿ.ಎಡ್. ಆದವನು ತಪ್ಪೊಪ್ಪಿಕೊಂಡಿದ್ದನ್ನು ಅವನು ಮೊದಲ ಸಲ ನೋಡಿದ್ದಿರಬೇಕು. “ಆತು ಬಿಡ್ರಿ” ಎಂದ. ನೋಟಬುಕ್ಕನ್ನು ನಾಗವ್ವನ ಒಲೆಗೆ ಕೊಟ್ಟು, ಇನ್ನು ಮೊಸರು ಬೇಡವೆಂದೆ. ಹೇಳುವಾಗ ಎದೆ ಚುರುಕ್ಕೆಂದದ್ದು ಸುಳ್ಳಲ್ಲ.

ಸೋಮವಾರ, ಖಾನಾವಳಿಯ ಮಜ್ಜಿಗೆ ಕುಡಿದು ಪಾಠ ಶುರುಮಾಡಿದೆ. “ಸರ್, ಆ ಊರು ನಕಾಶೆದಾಗ ಅಲ್ಲಿಲ್ರಿ” ಎಂದಳು ಗಿರಿಜಾ. ನಾನು ಒದರಲು ಬಾಯಿ ತೆರೆದೆ. ಅವಳು ಸುಮ್ಮನೆ ಪೆನ್ಸಿಲು ಕೈಗೆತ್ತಿಕೊಂಡಳು.

“ಎಲ್ಲೈತಿ? ಬಂದು ತೋರಿಸವಾ” ಎಂದೆ.

ಬಹುಮಾನವಿಲ್ಲದೆಯೂ ನಡತೆ ತಿದ್ದಿಕೊಳ್ಳುತ್ತದೆ ಎಂದು ಬಿ.ಎಡ್.ನಲ್ಲಿ ನಮಗೆ ಹೇಳಿರಲಿಲ್ಲ. ಎಣಿಸುವವರು ಎದುರಿಗೆ ಕೂತಿದ್ದರೆ ಸಾಕು.