ಮನೆಯ ಬಲಗೈ

ನಮ್ಮ ಮಾಮಾ ತನ್ನ ಆಯುಷ್ಯದಲ್ಲಿ ಒಂದೇ ಒಂದು ಮನೆಯನ್ನೂ ಕಟ್ಟಿಲ್ಲ. ಮನೆಗಳ ಮದುವೆ ಮಾಡಿಸಿದ್ದಾನೆ, ಅಷ್ಟೇ! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ನಿನ್ನೆ ಬಯಲಿದ್ದ ಕಡೆ ಇವತ್ತು ಬಿಳಿ ತಗಡಿನ ಕೋಣೆಯೊಂದು ನಿಂತಿದ್ದರೆ, ಆ ಲಗ್ನದ ಹಿರಿಯ ನಮ್ಮ ಅವ್ವನ ಈ ತಮ್ಮನೇ ಎಂದು ಧಾರಾಳವಾಗಿ ತಿಳಿಯಬಹುದು.

ಬಿಡಿಸಿ ಹೇಳುತ್ತೇನೆ. ಈಗ ಗೋಡೆಗಳೂ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಎರಡು ತಗಡುಗಳ ನಡುವೆ ಗಟ್ಟಿ ನೊರೆ ತುಂಬಿದ, ಬಾಗಿಲಿನಷ್ಟು ಅಗಲದ ಹಲಗೆಗಳು. ಪ್ಯಾನೆಲ್ ಎನ್ನುತ್ತಾರೆ. ಲಾರಿಯಲ್ಲಿ ಬರುತ್ತವೆ. ಮಟ್ಟಸವಾದ ಸಿಮೆಂಟ್ ಕಟ್ಟೆಯ ಮೇಲೆ ಕಬ್ಬಿಣದ ಪಟ್ಟಿ ಬಿಗಿದು, ಮೂಲೆಗೆ ಕಂಬ ನಿಲ್ಲಿಸಿ, ಪ್ಯಾನೆಲ್‌ಗಳನ್ನು ಒಂದರ ಪಕ್ಕ ಒಂದು ಕೂಡಿಸುತ್ತ ಹೋದರೆ ಗೋಡೆ. ಮೇಲೆ ತಗಡು ಹೊದಿಸಿ ಸ್ಕ್ರೂ ಹೊಡೆದರೆ ಮನೆ. ಪ್ರತಿ ಪ್ಯಾನೆಲ್‌ಗೆ ಒಂದು ಅಂಚಿನಲ್ಲಿ ನಾಲಿಗೆ, ಇನ್ನೊಂದು ಅಂಚಿನಲ್ಲಿ ಸಂದು. ಇದರ ನಾಲಿಗೆ ಅದರ ಸಂದಿನಲ್ಲಿ ಹೋಗಿ ಕೂತರೆ, ಜಗತ್ತು ಅದನ್ನು ಜೋಡಣೆ ಎನ್ನುತ್ತದೆ. ಮಾಮಾ ಲಗ್ನ ಎನ್ನುತ್ತಾನೆ!

ಲಾರಿ ಬಂದರೆ "ನಿಬ್ಬಣ ಬಂತು, ಎದುರುಗೊಳ್ಳಾಕ ಬರ್ರೆಲೇ!" ಎಂದು ಕೂಗುತ್ತಾನೆ. ಎರಡು ಪ್ಯಾನೆಲ್‌ಗಳನ್ನು ಎದುರುಬದುರು ಹಿಡಿಸಿ, "ಒಪ್ಪಿಗಿ ಐತೇನ್ರಿ ಇಬ್ಬರಿಗೂ?" ಎಂದು ಗಂಭೀರವಾಗಿ ಕೇಳುತ್ತಾನೆ. ಕೇಳಿ ಸುಮ್ಮನಿರುವುದಿಲ್ಲ, ಉತ್ತರಕ್ಕೆ ಕಾಯುತ್ತಾನೆ! ಆಮೇಲೆ ರಬ್ಬರ್ ಸುತ್ತಿಗೆಯಿಂದ ಒಂದು ಏಟು. ಕೊನೆಯ ಸ್ಕ್ರೂ ಬಿಗಿಯುವಾಗ ಮನೆಯ ಯಜಮಾನ ಅಕ್ಷತೆಗೆ ಅಕ್ಕಿಕಾಳು ಹಿಡಿದು ನಿಂತಿರಲೇಬೇಕು. ಬಸವನ ಬಾಗೇವಾಡಿಯ ಗೊಬ್ಬರದ ವ್ಯಾಪಾರಿಯೊಬ್ಬರು, "ಇದು ಗೊಬ್ಬರ ಇಡೋ ಖೋಲಿರಿ, ಇದಕ್ಕ ಎದಕ್ಕ ಅಕ್ಕಿಕಾಳು?" ಅಂದರಂತೆ. "ಬಡವರ ಲಗ್ನಕ್ಕ ಕಾಳು ಒಗಿಯಂಗಿಲ್ಲೇನ್ರಿ?" ಎಂದ ಮಾಮಾ. ಅವರು ತೆಪ್ಪಗೆ ಒಳಗೆ ಹೋಗಿ ಅಕ್ಕಿ ತಂದರು.

ಸಿಂದಗಿಯಲ್ಲಿ ಹಿರಿಯರೊಬ್ಬರು ಗೋಡೆಗೆ ಬೆರಳಿನಿಂದ ಟಕಟಕ ಬಡಿದು, "ಟೊಳ್ಳ ಐತಲ್ರಿ ಇದು!" ಎಂದು ಮೂಗೆಳೆದರು. ಮಾಮಾ ಅವರ ತಲೆಗೆ ಸುತ್ತಿದ ಪಟಗಾವನ್ನೇ ನೋಡುತ್ತ, "ಯಜಮಾನ್ರ, ಒಂದ್ಸಲ ನಿಮ್ಮ ತಲಿನೂ ಹಿಂಗ ಬಡದು ನೋಡ್ಕೋರಿ. ಅದರಾಗ ನೀವು ಇಷ್ಟು ವರ್ಷ ಸುಖದಿಂದ ಇದ್ದೀರಿ, ಇಲ್ಲೋ?" ಎಂದ. ಮುದ್ದೇಬಿಹಾಳದ ಹೊಲದಲ್ಲಂತೂ ಗಾಳಿಗೆ ಒಂದು ಪ್ಯಾನೆಲ್ ಆಳುಗಳ ಕೈ ತಪ್ಪಿಸಿಕೊಂಡು, ಬದು ದಾಟಿ, ಪಕ್ಕದವರ ತೊಗರಿಯಲ್ಲಿ ಹೋಗಿ ಮಲಗಿತು. "ಹುಡುಗಿ ಓಡಿಹೋದ್ಲಲೇ!" ಎಂದು ಬೊಬ್ಬೆ ಹೊಡೆಯುತ್ತ ಮಾಮಾ ಹಿಂದೆ ಓಡಿದ. ಆ ಕೂಗು ಕೇಳಿ ನಿಜವಾಗಿಯೂ ಬಡಿಗೆ ಹಿಡಿದು ಓಡಿಬಂದವರು, ತೊಗರಿಯಲ್ಲಿ ತಗಡನ್ನು ಕಂಡು ಮಾಮಾನನ್ನೇ ಹೊಡೆಯಲು ಹೋದರು!

ಮಾಮಾನ ದೊಡ್ಡ ಹೆಮ್ಮೆ ಬೇರೆಯೇ ಇದೆ. ಇಂಥ ಮನೆಗಳನ್ನು ಬೇಕೆಂದಾಗ ಬಿಚ್ಚಿ ಬೇರೆಡೆ ಒಯ್ಯಬಹುದು ಎಂದು ಮಾರುವವರು ಸಾರುತ್ತಾರೆ. ಮಾಮಾನಿಗೆ ಅದು ಬೈಗುಳ. "ನಾ ಕೂಡಿಸಿದ್ದಕ್ಕ ಇನ್ನೂ ಒಂದು ಸೋಡಚೀಟಿ ಆಗಿಲ್ಲ!" ಎಂದು ಎದೆ ತಟ್ಟಿಕೊಳ್ಳುತ್ತಾನೆ. ಸೋಡಚೀಟಿ ಎಂದರೆ ನಮ್ಮ ಕಡೆ ಗಂಡಹೆಂಡಿರು ಬೇರೆಯಾಗುವುದು. ಬಿಚ್ಚುವ ಕೆಲಸ ಬಂದರೆ ಆತ ಫೋನನ್ನೇ ಎತ್ತುವುದಿಲ್ಲ.

ಇಂಥ ಮನುಷ್ಯನಿಗೆ ನನ್ನಂಥ ಅಳಿಯ. ನಾನು ಪತ್ರಿಕೆಯವನು. ಇನ್ನೊಬ್ಬರು ಬರೆದ ವಾಕ್ಯದಲ್ಲಿ ಅರ್ಧ ಹೊಡೆದುಹಾಕುವುದು ನನ್ನ ಹೊಟ್ಟೆಪಾಡು. ಉಳಿದರ್ಧದಲ್ಲಿ ಎಲ್ಲವೂ ಇದೆ ಎಂದು ನಂಬುವುದು ನನ್ನ ಸ್ವಭಾವ.

ಅವ್ವನಿಗೆ ಬಲಮೊಣಕಾಲಿನ ಆಪರೇಷನ್ ಆಯಿತು. ಇಂಡಿಯ ನಮ್ಮ ಮನೆಯ ಮೆಟ್ಟಿಲು ಅವಳಿಗೆ ಆಗದು. ಅಂಗಳದಲ್ಲಿ ನೆಲಕ್ಕೆ ಸಮನಾಗಿ ಒಂದು ಕೋಣೆ ಬೇಕು, ಅದೂ ಅವಳು ಆಸ್ಪತ್ರೆಯಿಂದ ಬರುವುದರೊಳಗೆ. ಮಾಮಾನನ್ನು ಬಿಟ್ಟರೆ ಇನ್ಯಾರು? ಅವ್ವ ಆಸ್ಪತ್ರೆಯ ಮಂಚದಿಂದಲೇ ನನಗೆ ತನ್ನ ಒಂದೇ ಬೇಡಿಕೆ ಹೇಳಿದಳು: "ನೋಡಪಾ, ಕಿಡಕಿ ಮಾತ್ರ ಮಾಬೂಬಿ ಬಾಗಲಕ್ಕ ಎದುರಾ ಬರ್ಬೇಕು. ನಾ ಕುಂತಲ್ಲಿಂದ ಆಕಿ ಕಾಣ್ಬೇಕು, ಆಕಿಗಿ ನಾ ಕಾಣ್ಬೇಕು. ಆಕಿ ಟೊಂಕಾ ಮುರಕೊಂಡು ಕುಂತಾಳ, ನಾ ಕಾಲು ಕುಯ್ಸಕೊಂಡು ಮಲಗೇನಿ. ಇನ್ನ ಯಾರು ಯಾರ ಮನಿಗಿ ಹೋಗೂದು?"

ಮಾಬೂಬಿ ನಮ್ಮ ಪಕ್ಕದ ಮನೆಯವಳು. ಮೊಣಕಾಲೆತ್ತರದ ಕಂಪೌಂಡಿನ ಆಚೆ ಅವಳು, ಈಚೆ ನಮ್ಮವ್ವ, ಜೋಳ ಹಸನು ಮಾಡುತ್ತ ಓಣಿಯ ಎಲ್ಲರನ್ನೂ ಹಸನು ಮಾಡಿದ್ದಾರೆ. ಈಗ ಇಬ್ಬರಿಗೂ ಸೇರಿ ನಡೆಯುವ ಕಾಲು ಒಂದೂವರೆ.

ನಾನು ಏನು ಮಾಡಿದೆ? ಅವ್ವನ ಮಾತು ಉದ್ದವಾಯಿತು ಎನಿಸಿತು. ಕಾರಣ ಕತ್ತರಿಸಿದೆ. ಮಾಬೂಬಿಯನ್ನು ಕತ್ತರಿಸಿದೆ. ಟೊಂಕವನ್ನೂ ಕಾಲನ್ನೂ ಕತ್ತರಿಸಿದೆ. ಮಾಮಾನಿಗೆ ಫೋನಿನಲ್ಲಿ ಉಳಿದ ಸಾರವನ್ನು ತಿಳಿಸಿದೆ: "ಮಾಮಾ, ಮನಿ ಬಲಕ್ಕ ಕಿಡಕಿ ಇಡು."

"ಬಲಕ್ಕ ಅಂದ್ರ ಬಲಕ್ಕ," ಎಂದ ಮಾಮಾ.

ಎಂಥ ಚೊಕ್ಕ ವರದಿ ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ!

ಅವ್ವನನ್ನು ಗಾಡಿಯಲ್ಲಿ ಕರೆತಂದಾಗ ಕೋಣೆ ಥಳಥಳ ನಿಂತಿತ್ತು. ನೆಲದ ಮೇಲೆ ಅಕ್ಕಿಕಾಳು ಬಿದ್ದಿದ್ದವು. ಅವ್ವನನ್ನು ಒಳಗೆ ಮಂಚದ ಮೇಲೆ ಕೂಡಿಸಿದೆವು. ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಅಲ್ಲಿ ಹಿಟ್ಟಿನ ಗಿರಣಿಯ ಹಿಂಬದಿಯ ಗೋಡೆಯಿತ್ತು. ಅದರ ಮೇಲೆ ಹತ್ತಿಯ ಕೀಟನಾಶಕದ ಜಾಹೀರಾತು.

"ಇದನ್ನ ಓದಕೋತ ಕುಂದ್ರಲೇನು?" ಎಂದಳು.

ನಾನು ಮಾಮಾನನ್ನು ಗೇಟಿಗೆ ಎಳೆದೊಯ್ದು, ಕೋಣೆಗೆ ಮುಖ ಮಾಡಿ ನಿಂತು ಬಲಗೈ ಚಾಚಿದೆ. "ನೋಡು, ಬಲಕ್ಕ ಅಂದ್ರ ಇದು. ಮಾಬೂಬಿ ಖಾಲಾನ ಕಡೆ!"

ಮಾಮಾ ನನ್ನನ್ನು ಕನಿಕರದಿಂದ ನೋಡಿದ. ಕೋಣೆಗೆ ಬೆನ್ನು ಹಚ್ಚಿ, ರಸ್ತೆಗೆ ಮುಖ ಮಾಡಿ, ತಾನೇ ಮನೆಯಾದಂತೆ ಎರಡೂ ಕೈ ಅಗಲಿಸಿ ನಿಂತ. "ಮನಿ ಮುಖ ಎತ್ತಾಗ ಐತಿ? ರಸ್ತಾದ ಕಡೆ. ಮನಿ ಬಲಗೈ ಯಾವುದು? ಇದು, ಗಿರಣಿ ಕಡೆದು. ನೀ ಮನಿ ಬಲಕ್ಕ ಅಂದಿ. ನಿನ್ನ ಬಲಕ್ಕ ಅಂದಿಯೇನು?"

"ನೋಡೋರ ಬಲಾನ ಬಲ, ಮಾಮಾ!"

"ಹೌದೇನು? ಡಾಕ್ಟರು ಅಕ್ಕನ ಎದುರಿಗಿ ನಿಂತು ಬಲಮೊಣಕಾಲು ಕುಯ್ದ್ನಲ್ಲಾ, ತನ್ನ ಬಲ ನೋಡಿ ಕುಯ್ದ್ನೋ, ಅಕ್ಕನ ಬಲ ನೋಡಿ ಕುಯ್ದ್ನೋ?"

ಓಣಿಯ ನಾಲ್ಕು ಜನ ಆಗಲೇ ಸೇರಿದ್ದರು. ಎಲ್ಲರೂ ಮಾಮಾನ ಪರ! "ಖರೇ ಐತ್ರಿ, ಮನಿಗೂ ಒಂದು ಮುಖ ಇರ್ತೈತಲ್ರಿ," ಎಂದು ನನಗೆ ತಿಳಿಹೇಳಿದರು. ದಿನಾಲೂ ಊರಿಗೆಲ್ಲ ತಿಳಿಹೇಳುವವನು ನಾನು!

"ತಪ್ಪಾತು ಮಾಮಾ. ಒಂದು ತಿದ್ದುಪಡಿ..."

"ನಿಮ್ಮ ಪೇಪರಿನ್ಯಾಗ ತಿದ್ದುಪಡಿ ಒಳಗಿನ ಪುಟದ ಮೂಲ್ಯಾಗ ಹಾಕ್ತೀರಿ. ನಾ ಎಲ್ಲಿ ಹಾಕ್ಲಿ, ಛತ್ತಿನ ಮ್ಯಾಲೆ? ಕೂಡಿಸಿದ್ದು ಕೂಡಿಸ್ದಂಗ. ಸೋಡಚೀಟಿ ಕೊಡೂ ಮನುಷ್ಯಾ ಅಲ್ಲ ನಾ!"

ಆಗ ಒಳಗಿನಿಂದ ಅವ್ವನ ದನಿ ಕೇಳಿತು. "ಇರಲಿ ಬಿಡ್ರೋ."

ನಮ್ಮವ್ವ "ಇರಲಿ" ಎಂದದ್ದನ್ನು ನಾನು ಹಿಂದೆಂದೂ ಕೇಳಿಲ್ಲ. ಬಸ್ಸಿನ ಕಂಡಕ್ಟರನಿಂದ ಹಿಡಿದು ಆಪರೇಷನ್ ಮಾಡಿದ ಡಾಕ್ಟರನವರೆಗೆ ಯಾರಿಗೂ ಅವಳು ಆ ಮಾತು ಆಡಿದವಳಲ್ಲ. ಅಷ್ಟರಲ್ಲಿ ಆಚೆಯಿಂದ ಮಾಬೂಬಿ ಕೂಗಿದಳು: "ಅಕ್ಕಾ, ಬಂದಿ ಏನವಾ?" ಅವ್ವ ಕಿಟಕಿಯಿಲ್ಲದ ಗೋಡೆಯ ಕಡೆ ತಿರುಗಿ ಬಾಯಿ ತೆರೆದಳು. ಅದೇ ಹೊತ್ತಿಗೆ ಗಿರಣಿ ಶುರುವಾಯಿತು. ತೆರೆದ ಕಿಟಕಿಯಿಂದ ಅದರ ಸದ್ದೆಲ್ಲ ಒಳಗೆ ನುಗ್ಗಿತು. ಅವ್ವನ ಉತ್ತರ ನಮಗೇ ಕೇಳಲಿಲ್ಲ, ಗೋಡೆಯಾಚೆ ಹೇಗೆ ಕೇಳೀತು? ಮಾಬೂಬಿ ಮತ್ತೊಮ್ಮೆ ಕೂಗಿದಳು. ಅವ್ವ ಸೀರೆಯ ಸೆರಗನ್ನು ಮಡಿಲಲ್ಲಿ ಮಡಚುತ್ತ ಕೂತಳು.

ಮಾಮಾ ಅದನ್ನು ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಸ್ಕ್ರೂ ಬಿಚ್ಚುವ ಪಾನಾ ತೆಗೆದುಕೊಂಡು ಏಣಿ ಹತ್ತಿದ.

"ಮಾಮಾ, ಸೋಡಚೀಟಿ?" ಎಂದೆ.

"ಬಾಯಿ ಮುಚ್ಚಕೊಂಡು ಏಣಿ ಹಿಡಿಯಲೇ, ಅಳಿಯಾ."

ಆಳುಗಳು ಊರಿಗೆ ಹೋಗಿಯಾಗಿತ್ತು. ಹೀಗಾಗಿ ನಾನೇ ಆಳು. ಮಾಮಾ ಅಂಚಿನ ತಗಡಿನ ಸ್ಕ್ರೂ ಬಿಚ್ಚಿದ, ಮೇಲಿನ ಪಟ್ಟಿ ಸಡಿಲಿಸಿದ. ಅವ್ವನಿಗೆ ಹೊರಗೆ ಬಾ ಎಂದರೆ ಕೇಳಲಿಲ್ಲ. "ಛತ್ ಬಿದ್ರ ಬೀಳ್ಲಿ, ನನ್ನ ಮಗನ ಪೇಪರಿಗಿ ಒಂದು ಸುದ್ದಿ ಆಗ್ತೈತಿ," ಎಂದಳು. ದನಿಗೆ ಜೀವ ಬಂದಿತ್ತು. ಮೊದಲು ಗಿರಣಿಯ ಕಡೆಯ ಕಿಟಕಿ ಪ್ಯಾನೆಲ್ ಎಳೆದು ಹೊರಗಿಟ್ಟೆವು. ಆಮೇಲೆ ಮಾಬೂಬಿಯ ಕಡೆಯ ಬರಿಯ ಪ್ಯಾನೆಲ್. ಬಿಡಿಸುವಾಗ ಮಾಮಾ ಅದಕ್ಕೂ ಅದರ ಜೋಡಿಗೂ ಏನೋ ಗೊಣಗಿದ. ಕ್ಷಮೆ ಕೇಳಿದನೋ, ನನ್ನನ್ನು ಬೈದನೋ, ತಿಳಿಯಲಿಲ್ಲ. ಅದನ್ನೊಯ್ದು ಗಿರಣಿಯ ಕಡೆಯ ಖಾಲಿ ಜಾಗದಲ್ಲಿ ಕೂಡಿಸಿದೆವು. ಸದ್ದು ಅರ್ಧಕ್ಕರ್ಧ ಕಡಿಮೆಯಾಯಿತು.

ಈಗ ಕಿಟಕಿಯ ಪ್ಯಾನೆಲ್ ಎತ್ತಿಕೊಂಡೆವು. ಒಂದು ತುದಿ ಮಾಮಾ, ಇನ್ನೊಂದು ತುದಿ ನಾನು. ಮಾಬೂಬಿಯ ಕಡೆ ಗೋಡೆಯಲ್ಲಿ ಆಳೆತ್ತರದ ಬಾಯಿ ತೆರೆದಿತ್ತು. ಅದರ ಒಳಗೆ ಮಂಚದ ಮೇಲೆ ಅವ್ವ. ಹೊರಗೆ, ಕಂಪೌಂಡಿನ ಆಚೆ ತನ್ನ ಕಟ್ಟೆಯ ಮೇಲೆ ಮಾಬೂಬಿ.

"ಬಂದಿ ಏನಕ್ಕಾ?"

"ಬಂದ್ನೆವ್ವಾ."

"ನೋವು?"

"ಐತಿ. ನಿಂದು?"

"ಐತಿ."

ಇಬ್ಬರೂ ನಕ್ಕರು. ಆಮೇಲೆ ಮಾಬೂಬಿ ದನಿ ತಗ್ಗಿಸಿ, "ಮುಂಜಾನೆ ನಿನ್ನ ಕೆಮ್ಮು ಕೇಳಸ್ಲಾರ್ದ ನನಗ ಚಾ ಇಳೀವಲ್ದಾಗಿತ್ತವಾ," ಎಂದಳು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಗಾಳಿ ಬೀಸಿ ಪ್ಯಾನೆಲ್ ಪಟಪಟ ಅಲುಗಿತು. ನನ್ನ ತೋಳು ಬಿದ್ದುಹೋಗುತ್ತಿತ್ತು. "ಕೂಡಸೂಣೇನು ಮಾಮಾ?" ಎಂದು ಪಿಸುಗುಟ್ಟಿದೆ.

ಮಾಮಾನ ಕೈಯ ನರಗಳೂ ಉಬ್ಬಿದ್ದವು. ಆದರೂ ಬೇಡವೆಂದು ತಲೆಯಾಡಿಸಿದ.

"ತಡಿ. ಮಾತಾಡ್ಲಿ."

ನಾವಿಬ್ಬರೂ ಆ ಕಿಟಕಿಯನ್ನು ಎದೆಗೆ ಒತ್ತಿ ಹಿಡಿದು ನಿಂತೆವು.