ಕಣ್ಣಳತೆಯ ಕೋಟು

ಚಳಿ ಊರಿಗೆ ಕಾಲಿಟ್ಟ ಬೆಳಗ್ಗೆಯೇ ಟೈಲರ್ ಮಾಸ್ಟರು ಒಂದು ಘೋರ ಪ್ರತಿಜ್ಞೆ ಮಾಡಿದರು. ಹಿತ್ತಿಲಲ್ಲಿ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ಮೈಮೇಲೆ ಮಾಸ್ಟರೇ ಹಾಕಿ ಬಿಟ್ಟಿದ್ದ ಓಬೀರಾಯನ ಕಾಲದ ಸ್ವೆಟರು, ಮೊಣಕೈಯಲ್ಲಿ ಕಿಟಕಿಯಷ್ಟು ತೂತು! ಊರಿಗೆಲ್ಲ ಕೋಟು ಹೊಲಿಯುವವನ ಹೆಂಡತಿ ಹೀಗೆ ಗಡಗಡ ನಡುಗುವುದೇ? ಮಾಸ್ಟರ ಕರುಳು ಚುರ್ ಎಂದಿತು.

"ಭಾನುವಾರದೊಳಗೆ ಇವಳಿಗೊಂದು ಉಣ್ಣೆ ಕೋಟು ಹೊಲಿಯದಿದ್ರೆ ನಾನು ಕತ್ತರಿ ಹಿಡಿದವನೇ ಅಲ್ಲ!" ಎಂದು ಕನ್ನಡಿಯ ಮುಂದೆ ಘೋಷಿಸಿದರು. ಕನ್ನಡಿ ಎದುರಾಡಲಿಲ್ಲ.

ನಿಜ ಹೇಳಬೇಕೆಂದರೆ ಕೋಟು ಬರೀ ನೆಪ. ತಮ್ಮ ಅಮ್ಮ, ಮಗಳು, ಮನೆ ಎಲ್ಲವನ್ನೂ ಇಷ್ಟು ವರ್ಷ ಹೊತ್ತುಕೊಂಡ ಹೆಂಡತಿಗೆ ಒಂದು ಒಳ್ಳೆಯ ಮಾತು ಹೇಳಬೇಕೆಂದು ಅವರಿಗೆ ಬಹಳ ದಿನದ ಆಸೆ. ಆದರೆ ಹಗಲೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ದುಡಿಯುವ ಮನುಷ್ಯ. ಸೂಜಿ ತೆಗೆದ ಮೇಲೂ ತುಟಿ ಬಿಚ್ಚುತ್ತಿರಲಿಲ್ಲ. ಹೇಳಬೇಕಾದ್ದನ್ನು ಕೋಟೇ ಹೇಳಿಬಿಡಲಿ ಎಂದುಕೊಂಡರು.

ಅಳತೆಗೆ ಏನು ಮಾಡುವುದು? ಟೇಪು ಹಿಡಿದು ನಿಂತರೆ ಗುಟ್ಟು ರಟ್ಟು! ಆದರೆ ನಮ್ಮ ಮಾಸ್ಟರೆಂದರೆ ಯಾರು? ಕಣ್ಣಳತೆಯ ಚಕ್ರವರ್ತಿ! ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲ ಅವರ ತಲೆಯೊಳಗೆ ಇಳಿದಿರುತ್ತಿತ್ತು. 'ದಿನಾ ಕಣ್ಣೆದುರಿಗಿರೋ ಹೆಂಡತಿಗೆ ಟೇಪು ಬೇರೆ ಕೇಡು' ಎಂದು ಮೀಸೆಯಡಿ ನಕ್ಕರು. ಕಣ್ಣು ಮುಚ್ಚಿ ಆಕೆಯನ್ನೊಮ್ಮೆ ನೆನೆದು ಬಟ್ಟೆಗೆ ಕತ್ತರಿ ಇಟ್ಟೇಬಿಟ್ಟರು. ಅನಾಹುತವಾದದ್ದು ಕಣ್ಣು ಮುಚ್ಚಿದ ಆ ಗಳಿಗೆಯಲ್ಲೇ!

ಭಾನುವಾರ ಬೆಳಗ್ಗೆ ಕೋಟು ತಂದು ಹೆಂಡತಿಯ ಮುಂದೆ ಹಿಡಿದರು. ಹೇಳಬೇಕಾದ ಮಾತನ್ನು ನಾಲ್ಕು ದಿನ ಉರು ಹೊಡೆದಿದ್ದರು. ಬಾಯಿಂದ ಬಂದದ್ದು "ತಗೋ" ಅಷ್ಟೇ.

"ಯಾರದ್ರೀ ಇದು?"

"ನಿಂದೇ."

"ತಮಾಷೆ ಮಾಡ್ಬೇಡಿ. ಯಾವ ಗಿರಾಕಿ ಬೇಡ ಅಂತ ಬಿಟ್ಟು ಹೋದ್ರು?"

"ನಿಂಗೇ ಅಂತ ಹೊಲಿದಿದ್ದು ಕಣೇ!"

ಹೆಂಡತಿಯ ಕಣ್ಣು ತುಂಬಿ ಬಂತು. ಕೋಟನ್ನು ಕೆನ್ನೆಗೊತ್ತಿಕೊಂಡಳು. ಎಡಗೈ ತೂರಿಸಿದಳು, ಹೋಯಿತು. ಬಲಗೈ ಯಾಕೋ ತಕರಾರು ತೆಗೆಯಿತು. "ಉಸಿರು ಬಿಡು" ಎಂದು ಮಾಸ್ಟರು ಗಂಭೀರವಾಗಿ ಅಪ್ಪಣೆ ಕೊಟ್ಟರು. ಬಿಟ್ಟಳು, ಒಂದು ಗುಂಡಿ ಹಾಕಿದರು. "ಇನ್ನೂ ಬಿಡು." ಇನ್ನೊಂದು ಗುಂಡಿ. ಕೊನೆಯ ಗುಂಡಿಯ ಹೊತ್ತಿಗೆ ಬಿಡುವುದಕ್ಕೆ ಆಕೆಯಲ್ಲಿ ಉಸಿರೇ ಉಳಿದಿರಲಿಲ್ಲ.

ಕೋಟೇನೋ ಲಕ್ಷಣವಾಗಿ ಕೂತಿತು. ಆದರೆ ಕೈ ಬಗ್ಗಲೊಲ್ಲದು! ಎರಡೂ ತೋಳು ಹ್ಯಾಂಗರಿನ ಹಾಗೆ ಅತ್ತ ಒಂದು, ಇತ್ತ ಒಂದು. ಬಿಚ್ಚೋಣವೆಂದರೆ ಗುಂಡಿಗಳು ಕಾಜಾದೊಳಗೆ ಕಚ್ಚಿಕೊಂಡು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಹಲ್ಲುಜ್ಜುತ್ತಾ ಬಂದ ಮಗಳು ಕಿಸಕ್ಕೆಂದಳು. "ಅಪ್ಪಾ, ಅಮ್ಮನ ಹಳೇ ಫೋಟೋ ನೋಡ್ಕೊಂಡು ಹೊಲಿದ್ಯಾ?"

ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಮಾಸ್ಟರ ತಾಯಿ ಕನ್ನಡಕ ಏರಿಸಿದರು. "ಫೋಟೋ ಯಾಕೆ ಬೇಕು? ಮದುವೆಯಾಗಿ ಬಂದಾಗ ನನ್ನ ಸೊಸೆ ಸರಿಯಾಗಿ ಇದೇ ಅಳತೆ ಇದ್ಲು. ಅಲ್ಲಿಂದೀಚೆಗೆ ಇವನು ಅವಳನ್ನ ನೋಡೇ ಇಲ್ಲ!"

ಆಗ ಹೊಳೆಯಿತು ಮಾಸ್ಟರಿಗೆ. ಕಣ್ಣು ಮುಚ್ಚಿದಾಗ ಎದುರಿಗೆ ಬಂದು ನಿಂತವಳು ಮದುವೆಯಾದ ವರ್ಷದ ಹುಡುಗಿ! ಊರವರ ಸೊಂಟ ಅರ್ಧ ಅಂಗುಲ ಹೆಚ್ಚಿದರೂ ಪತ್ತೆ ಹಚ್ಚುವ ಕಣ್ಣು ಮನೆಯೊಳಗೆ ಇಷ್ಟು ವರ್ಷ ರಜೆಯ ಮೇಲಿತ್ತು. ಆ ಚಳಿಯಲ್ಲೂ ಅವರ ಹಣೆ ಬೆವರಿತು.

"ಕತ್ತರಿ ತಗೊಂಡು ಬಾ!" ಎಂದು ಮಗಳಿಗೆ ಕೂಗಿದರು.

"ಕತ್ತರಿ ಮುಟ್ಟಿದ್ರೆ ನೋಡಿ!" ಹೆಂಡತಿ ಹಿಂದಕ್ಕೆ ಸರಿದಳು. "ಜೀವಮಾನಕ್ಕೊಂದು ಕೋಟು ಹೊಲಿದು ಕೊಟ್ಟಿದ್ದೀರಿ, ಅದನ್ನೂ ಕತ್ತರಿಸ್ತೀರಾ?"

"ಮತ್ತೆ ಹೇಗೇ ಬಿಚ್ಚೋದು?"

"ಉಣ್ಣೆ ಮೈಬಿಸಿಗೆ ತಾನಾಗೇ ಸಡಿಲ ಆಗುತ್ತೆ ಅಂತ ಗಿರಾಕಿಗಳಿಗೆ ಸಮಾಧಾನ ಹೇಳ್ತೀರಲ್ಲ! ನಂಗೂ ಆಗ್ಲಿ ಬಿಡಿ."

ಅಲ್ಲಿಯವರೆಗೆ ಮನೆಗೆಲಸಕ್ಕೆ ಯಾರು ಗತಿ? ಮಗಳು ಪರೀಕ್ಷೆ ಎಂದು ಕೋಣೆ ಸೇರಿಕೊಂಡಳು. ಮಾಸ್ಟರು ತೋಳೇರಿಸಿ ಅಡುಗೆಮನೆಯೆಂಬ ರಣರಂಗಕ್ಕೆ ಧುಮುಕಿದರು! ಹೆಂಡತಿ ಬಾಗಿಲಲ್ಲಿ ಕೈಚಾಚಿ ನಿಂತಳು. "ಆ ಪಾತ್ರೆ ಅಲ್ಲ, ಅದರ ಹಿಂದಿನದು. ಹಾಲು ಉಕ್ಕುತ್ತೆ, ಈ ಕಡೆ ನೋಡಿ. ಅಯ್ಯೋ, ಉಕ್ಕೇ ಹೋಯ್ತಲ್ರೀ!"

ಒಲೆ ಒರೆಸಿ, ಉಳಿದ ಹಾಲಲ್ಲಿ ಚಹಾ ಮಾಡಿ, ಲೋಟವನ್ನು ಹೆಂಡತಿಯ ತುಟಿಗೆ ಹಿಡಿದರು. ಆಕೆ ಕಣ್ಣು ಮುಚ್ಚಿ ನಿಧಾನವಾಗಿ ಗುಟುಕರಿಸಿದಳು. ಆಮೇಲೆ ಅಮ್ಮನ ಸರದಿ. ಮಂಡಿಗೆ ಎಣ್ಣೆ, ಕುಡಿಯಲು ಬಿಸಿನೀರು, ಮಾತ್ರೆ. ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎನ್ನುವುದು ಹೆತ್ತ ಮಗನಿಗೆ ಗೊತ್ತಿಲ್ಲ, ಸೊಸೆಯನ್ನು ಕೇಳಬೇಕಾಯಿತು! ಪಾತ್ರೆ ತೊಳೆಯಲು ನಲ್ಲಿಯ ಕೆಳಗೆ ಕೈಯಿಟ್ಟರೆ ಬೆರಳುಗಳು ಇವೆಯೋ ಉದುರಿದವೋ ತಿಳಿಯಲಿಲ್ಲ.

"ದಿನಾ ಇದೇ ನೀರಲ್ಲೇನೇ ತೊಳೆಯೋದು?"

"ಇಲ್ಲಪ್ಪ, ಚಳಿಗಾಲಕ್ಕೆ ಅಂತ ನೀವು ಬೇರೆ ನಲ್ಲಿ ಹಾಕಿಸಿದ್ದೀರಲ್ಲ!"

ಹೆಂಡತಿಯ ಮೂಗು ತುರಿಸಿದರೂ ಮಾಸ್ಟರೇ ಓಡಿ ಬರಬೇಕು. "ಎಡಕ್ಕೆ... ಇನ್ನೂ ಸ್ವಲ್ಪ... ಹಾಂ, ಅಲ್ಲೇ!" ಮಧ್ಯಾಹ್ನ ತಟ್ಟೆ ಹಿಡಿದು ಎದುರಿಗೆ ಕೂತು ತುತ್ತು ಕೊಡತೊಡಗಿದರು. ಹತ್ತಿರದಿಂದ ನೋಡಿದರೆ ಆಕೆಯ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು, ಚಳಿಗೆ ತುಟಿ ಒಡೆದಿತ್ತು. ಕೈ ಅರ್ಧದಲ್ಲೇ ನಿಂತಿತು.

"ಏನೇ..."

"ಏನ್ರೀ, ಉಪ್ಪು ಮರೆತ್ರಾ?"

"ಉಪ್ಪಲ್ಲ. ನಾವೆಲ್ಲ ನೆಟ್ಟಗಿರೋದು ನಿನ್ನಿಂದ ಕಣೇ. ನಾನು ಯಾವತ್ತೂ ಹೇಳ್ಲೇ ಇಲ್ಲ."

ಹೆಂಡತಿ ಬಾಯಲ್ಲಿದ್ದ ತುತ್ತನ್ನು ಅಗಿಯುವುದನ್ನೇ ಮರೆತಳು. "ಉಪ್ಪೂ ಮರೆತಿದ್ದೀರಿ" ಎಂದಳು, ಮೆಲ್ಲಗೆ. ಕೆನ್ನೆಗಿಳಿದ ಕಣ್ಣೀರನ್ನು ಒರೆಸುವ ಕೆಲಸವೂ ಮಾಸ್ಟರ ಪಾಲಿಗೇ ಬಂತು.

ಸಂಜೆ ತೂಕಡಿಸುತ್ತಿದ್ದ ಅಮ್ಮನ ಕಂಬಳಿ ನೆಲಕ್ಕೆ ಜಾರಿತು. ಹೆಂಡತಿ ದಡಕ್ಕನೆ ಎದ್ದಳು. ಪಟಪಟನೆ ಗುಂಡಿ ಬಿಚ್ಚಿ, ಕೋಟು ಕಳಚಿ ಕುರ್ಚಿಗೆ ಹಾಕಿ, ಅತ್ತೆಗೆ ಕಂಬಳಿ ಹೊದಿಸಿ ಅಂಚನ್ನು ಕಾಲಡಿ ಸಿಕ್ಕಿಸಿದಳು. ತಿರುಗಿ ನೋಡಿದರೆ ಮಾಸ್ಟರು ಒದ್ದೆ ಬಟ್ಟೆ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಯಾವಾಗ್ಲೇ ಸಡಿಲ ಆಯ್ತು ಇದು?"

ಹೆಂಡತಿ ನಾಲಿಗೆ ಕಚ್ಚಿಕೊಂಡಳು. "ಬೆಳಗ್ಗೆ ಚಹಾ ಕುಡಿಯೋ ಹೊತ್ತಿಗೇ..."

"ಆಗ್ಲೇ ಹೇಳೋಕೇನಾಗಿತ್ತು?"

"ಹೇಗ್ರೀ ಹೇಳ್ಲಿ? ಎಲ್ಲರಿಗೂ ಕೊಟ್ಟು ನಾನು ಕೂರೋಷ್ಟರಲ್ಲಿ ನನ್ನ ಚಹಾ ತಣ್ಣಗಾಗಿರುತ್ತೆ. ಈ ಚಳೀಲಿ ಇವತ್ತು ಬಿಸಿಬಿಸಿ ಕುಡಿದೆ."

ಮಾಸ್ಟರು ಒದ್ದೆ ಬಟ್ಟೆ ಕೆಳಗಿಟ್ಟು ಟೇಪು ಕೈಗೆತ್ತಿಕೊಂಡರು. "ಬಾ, ಈ ಸಲ ಅಳತೆ ತಗೋತೀನಿ. ಪಕ್ಕದ ಹೊಲಿಗೆ ಬಿಚ್ಚಿ ನಾಳೇನೇ ದೊಡ್ಡದು ಮಾಡಿ ಕೊಡ್ತೀನಿ."

ಹೆಂಡತಿ ಕೋಟನ್ನು ಎದೆಗವಚಿಕೊಂಡಳು. "ಬೇಕಾದ್ರೆ ಹೊಸದು ಹೊಲೀರಿ. ಇದನ್ನ ಮಾತ್ರ ಮುಟ್ಟಬೇಡಿ. ಇದು ಹೀಗೇ ಬಿಗಿಯಾಗಿರ್ಲಿ, ಪ್ರತಿ ಭಾನುವಾರ ಹಾಕ್ಕೋತೀನಿ!"